ಮೂಗು ಹಿಡಿದು ಒಂದು ಎಲೆಅಡಿಕೆ ಹೊತ್ತು

ಮೂಗಿರೋ ತನಕ ನೆಗಡಿ ತಪ್ಪಲ್ಲ ಅಂತ ಗಾದೆ. ನನ್ನ ಮೂಗಿಗೆ ನೆಗಡಿ ಸಾಲದು ಅಂತ ದೇವರು ರಕ್ತವನ್ನೂ ಕೊಟ್ಟುಬಿಟ್ಟಿದ್ದ. ಶಿವರಾತ್ರಿ ಕಳೆದು ಬಿಸಿಲು ಏರಿತೋ, ರಾಗಿ ಕೇರ್ತಿದ್ದರೂ ಸೈ, ರೊಟ್ಟಿ ತಟ್ಟುತ್ತಿದ್ದರೂ ಸೈ, ಎರಡು ಹನಿ ಕೆಂಪಗೆ ಇಳಿಯೋದು. ಒಂದು ಸಲ ಆದರೆ ಅದೇನೋ ಆಯ್ತು ಅನ್ನಬಹುದು. ನನ್ನ ಬದುಕಿನಲ್ಲಿ ಒಂದಷ್ಟು ವರ್ಷ ಮುಖ್ಯವಾದದ್ದೆಲ್ಲ ಈ ಮೂಗಿನ ಮೂಲಕವೇ ನಡೀತು. ನಗಬೇಡಿ, ಹೇಳ್ತೀನಿ ಕೇಳಿ.

ನಮ್ಮಪ್ಪ ಕೊಣನೂರಿನಲ್ಲಿ ಕಾಂಪೌಂಡರು. ಡಾಕ್ಟರು ಬರೆದ ಚೀಟಿ ನೋಡಿ ಔಷಧಿ ಕಲಸಿ ಸೀಸೆಗೆ ಹಾಕಿಕೊಡೋ ಕೆಲಸ. ಬೆರಳಲ್ಲಿ ಸದಾ ಟಿಂಚರ್ ವಾಸನೆ, ಬಾಯಲ್ಲಿ ಸದಾ ಎಲೆಅಡಿಕೆ. ನನ್ನ ಮೂಗು ಸೋರಿದರೆ ಊರೆಲ್ಲ ಗಾಬರಿಯಾದರೂ ಅಪ್ಪ ಆಗ್ತಿರಲಿಲ್ಲ. ಕೂರಿಸೋರು. ತಲೆ ಮುಂದಕ್ಕೆ ಬಗ್ಗಿಸೋರು. ಮೂಗಿನ ಮೂಳೆ ಮುಗಿದು ಮೆತ್ತಗಾಗೋ ಜಾಗ ಇದೆಯಲ್ಲ, ಅಲ್ಲಿ ಹೆಬ್ಬೆರಳು ತೋರುಬೆರಳಲ್ಲಿ ಒತ್ತಿ ಹಿಡಿಯೋರು. ಬಾಯಲ್ಲಿ ಉಸಿರಾಡಬೇಕು, ಗಂಟಲಿಗೆ ಇಳಿದರೆ ಉಗೀಬೇಕು, ನುಂಗಬಾರದು, ಮಾತಾಡಬಾರದು. ಹತ್ತು ನಿಮಿಷ ಕೈ ತೆಗೆಯೋ ಹಾಗಿಲ್ಲ. ನಿಂತಿತಾ ಅಂತ ನಡುವೆ ಇಣುಕಿ ನೋಡಿದರೆ ಮತ್ತೆ ಮೊದಲಿಂದ.

ಮನೇಲಿ ಗಡಿಯಾರ ಇರಲಿಲ್ಲ. ಅದಕ್ಕೆ ಅವ್ವ ಎರಡು ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಚಿ ಅಪ್ಪನ ಬಾಯಿಗೆ ಇಡೋಳು. ಅದನ್ನ ನಿಧಾನವಾಗಿ ಅಗಿದು ಮುಗಿಸೋ ಹೊತ್ತಿಗೆ ಹತ್ತು ನಿಮಿಷ. ಬಾಯಿ ತುಂಬ ಎಲೆಅಡಿಕೆ, ಅಪ್ಪ ಮಾತಾಡೋ ಹಾಗಿಲ್ಲ. ಮೂಗು ಅವರ ಕೈಯಲ್ಲಿ, ನಾನು ಮಾತಾಡೋ ಹಾಗಿಲ್ಲ. ಇಬ್ಬರೂ ಸುಮ್ಮನೆ ಕೂತಿರ್ತಿದ್ವಿ. ನಾನು ಬಗ್ಗಿದ ತಲೆಯಲ್ಲೇ ಕಣ್ಣು ಮೇಲೆತ್ತಿ ಅಪ್ಪನ ಮುಖ ನೋಡ್ತಿದ್ದೆ, ಅವರು ಹುಬ್ಬು ಹಾರಿಸಿ ನಗಿಸೋಕೆ ನೋಡೋರು.

ಅಪ್ಪ ಹೋಗಿ ಎಷ್ಟೋ ಕಾಲ ಆಯ್ತು. ಈಗಲೂ ಬಸ್ಸಿನಲ್ಲಿ ಯಾರಾದರೂ ಎಲೆಅಡಿಕೆ ಹಾಕ್ಕೊಂಡು ಪಕ್ಕ ಕೂತರೆ ನನ್ನ ಕೈ ತಾನಾಗೇ ಮೂಗಿಗೆ ಹೋಗ್ತದೆ. ಅಪ್ಪ ಬೇಕು ಅನ್ನಿಸ್ತದೆ. ಈ ವಯಸ್ಸಲ್ಲಿ ಹೇಳ್ಕೊಂಡರೆ ನಗ್ತಾರೆ, ಅದಕ್ಕೆ ಹೇಳಲ್ಲ.

೧. ಹೆಣ್ಣು ನೋಡೋಕೆ ಬಂದಾಗ

ಐವತ್ತೆಂಟರ ಬೇಸಿಗೆ. ಹಿರೀಸಾವೆಯಿಂದ ಗಂಡಿನ ಕಡೆಯವರು ಬಂದರು. ಗಂಡು, ಗಂಡಿನ ತಾಯಿ, ಇನ್ನಿಬ್ಬರು ಹಿರಿಯರು. ಗಂಡಿನ ತಾಯಿಯ ಮಾತಿನ ಬಗ್ಗೆ ಮೊದಲೇ ಸುದ್ದಿ ಬಂದಿತ್ತು. ಮೂರು ಊರಲ್ಲಿ ಮೂರು ಹೆಣ್ಣು ನೋಡಿ, ಒಂದಕ್ಕೆ ನಡಿಗೆ ಸರಿಯಿಲ್ಲ, ಒಂದಕ್ಕೆ ಬಾಯಿ ಜಾಸ್ತಿ, ಇನ್ನೊಂದಕ್ಕೆ ಅವರವ್ವನ ಬಾಯಿ ಜಾಸ್ತಿ ಅಂತ ಎದ್ದು ಬಂದಿದ್ದರಂತೆ.

ನಾನು ಕಾಫಿ ತಟ್ಟೆ ಹಿಡ್ಕೊಂಡು ಬಂದೆ. ಗಂಡಿನ ಮುಂದೆ ಬಗ್ಗಿದ್ದೇ ತಡ, ತಟ್ಟೆ ಮೇಲೆ ಟಪ್ ಅಂತ ಒಂದು ಹನಿ. ಗಂಡು ಲೋಟಕ್ಕೆ ಚಾಚಿದ ಕೈ ಹಾಗೇ ಹಿಂದಕ್ಕೆ ಎಳ್ಕೊಂಡರು. ಅಪ್ಪ ಎದ್ದರು. ಬೀಗರಾಗೋರು ಕೂತಿದ್ದಾರೆ ಅನ್ನೋದೂ ನೋಡದೆ ನನ್ನನ್ನ ಅಲ್ಲೇ ಚಾಪೆ ಮೇಲೆ ಕೂರಿಸಿ ಮೂಗು ಹಿಡಿದರು. ಅವ್ವನಿಗೂ ಅಭ್ಯಾಸ ಬಲವಲ್ಲವೇ, ಎಲೆ ಮಡಿಚಿ ಅಪ್ಪನ ಬಾಯಿಗಿಟ್ಟಳು.

ಅಲ್ಲಿಗೆ ಮಾತು ನಿಂತಿತು. ಹುಡುಗಿಯ ತಂದೆ ಮಾತಾಡಲ್ಲ, ಹುಡುಗಿ ಮಾತಾಡಲ್ಲ. ಬಂದ ಹಿರಿಯರಿಗೆ ಎದ್ದು ಹೋಗಬೇಕೋ ಕೂತಿರಬೇಕೋ ತಿಳೀದು. ಗಂಡಿನ ತಾಯಿ ಅತ್ತ ಇತ್ತ ನೋಡಿದರು. ಎದುರಿಗೆ ಎಲೆಅಡಿಕೆ ತಟ್ಟೆ ಇತ್ತು. ಅವರೂ ಎಲೆಅಡಿಕೆಯ ದೊಡ್ಡ ಭಕ್ತೆ. ಸುಮ್ಮನೆ ಕೂರೋದು ಯಾಕೆ ಅಂತ ಅವರೂ ಒಂದು ಹಾಕ್ಕೊಂಡರು. ಆ ಪಡಸಾಲೆಯಲ್ಲಿ ಹತ್ತು ನಿಮಿಷ ಅಗಿಯೋ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಅಪ್ಪ ಕೈ ತೆಗೆದರು. ರಕ್ತ ನಿಂತಿತ್ತು. ಸಂಬಂಧವೂ ಇಲ್ಲಿಗೆ ನಿಂತಿತು ಅಂತ ಅವ್ವ ಸೆರಗಿನಲ್ಲಿ ಕಣ್ಣೊರೆಸ್ತಿದ್ದಳು. ಗಂಡಿನ ತಾಯಿ ಹೊರಗೆ ಹೋಗಿ ಉಗಿದು ಬಂದು, ಬಾಯಿ ಒರೆಸ್ಕೊಂಡು ಹೇಳಿದರು:

"ಇಷ್ಟೊತ್ತು ತುಟಿ ಬಿಚ್ಚದೆ ಕೂತಿರೋ ಎಣ್ಣ ನಾನಂತೂ ಎಲ್ಲೂ ನೋಡಿಲ್ಲ ಕಣಪ್ಪಾ. ನಮ್ಗೆ ಒಪ್ಗೆ."

೨. ಜೀವ ಇರೋಂಗೇ

ನಮ್ಮತ್ತೆ ಮನೇಲಿ ಸೊಸೆ ತವರಿಗೆ ಹೋಗಬೇಕಾದರೆ ಕಾರಣ ಬೇಕು. ಮದುವೆ, ಸಾವು, ಬಾಣಂತನ. ಅಪ್ಪನ್ನ ನೋಡಬೇಕು ಅನ್ನೋದು ಕಾರಣದ ಲೆಕ್ಕಕ್ಕೆ ಸೇರ್ತಿರಲಿಲ್ಲ. "ಸುಮ್‌ಸುಮ್ನೆ ಯಾರಾದ್ರೂ ತವರಿಗೆ ಓಯ್ತಾರಾ?" ಅನ್ನೋರು. ಮದುವೆಯಾದ ಹೊಸದರಲ್ಲಿ ನಾನು ಒಲೆ ಮುಂದೆ ಕೂತು ಹೊಗೆ ಅಂತ ಹೇಳ್ಕೊಂಡು ಅತ್ತಿದ್ದು ಎಷ್ಟೋ ಸಲ. ಹಿರೀಸಾವೆಯಲ್ಲಿ ರಸ್ತೆ ಪಕ್ಕದ ಮನೆ ನಮ್ಮದು. ಬಸ್ಸು ಹೋದಾಗಲೆಲ್ಲ ಕಿಟಕಿಗೆ ಬರ್ತಿದ್ದೆ. ಅದರಲ್ಲಿ ಒಂದೂ ನೇರವಾಗಿ ಕೊಣನೂರಿಗೆ ಹೋಗೋದಲ್ಲ, ಆದರೂ ನೋಡ್ತಿದ್ದೆ.

ಆ ಮೊದಲ ಬೇಸಿಗೆ ಮೂಗು ಸೋರಿತು. ಅತ್ತೆಯ ವೈದ್ಯ ಬೇರೆ. ನೆತ್ತಿಗೆ ಒಂದು ಕೊಡ ತಣ್ಣೀರು ಸುರಿದರು, ಅದರ ಮೇಲೆ ಹರಳೆಣ್ಣೆ ತಟ್ಟಿದರು, ಈರುಳ್ಳಿ ಜಜ್ಜಿ ಮೂಸಿಸಿದರು, ಗರಿಕೆ ರಸ ಹಿಂಡಿ ಮೂಗಿಗೆ ಬಿಟ್ಟರು. ತಲೆ ಹಿಂದಕ್ಕೆ ಮಾಡಿ ಮಲಗಿಸಿದ್ದರಿಂದ ರಕ್ತವೆಲ್ಲ ಗಂಟಲಿಗೆ ಇಳಿದು ವಾಂತಿಯಾಯ್ತು. ಅದನ್ನ ನೋಡಿ ಅತ್ತೆ ಹೆದರಿದರು. ಇದು ಉಷ್ಣದ ಮೈ, ಕಾವೇರಿ ನೀರು ಕುಡಿದು ಬೆಳೆದದ್ದು, ಅದೇ ನೀರು ಬಿದ್ದರೆ ತಣ್ಣಗಾದೀತು, ತವರಲ್ಲಿ ಬಿಟ್ಟು ಬಾ ಅಂತ ಮಗನಿಗೆ ಹೇಳಿದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಒದ್ದೆ ತಲೇಲೇ ಗಂಟು ಕಟ್ಟಿದೆ.

ಬಸ್ಸು ಹತ್ತಿಸೋವಾಗ ಅತ್ತೆ ಕಂಡಕ್ಟರಿಗೆ, ನಮ್ಮ ಸೊಸೆಗೆ ಮೂಗಲ್ಲಿ ರಕ್ತ ಬತ್ತದೆ, ಬಿಸಿಲು ಬೀಳದ ಕಡೆ ಕೂರಿಸು ಅಂದರು. ನಮ್ಮ ಯಜಮಾನರು ಜೊತೇಲಿದ್ದರು, ಆದರೆ ಅವರು ಅಪರಿಚಿತರ ಹತ್ತಿರ ಮಾತಾಡೋರಲ್ಲ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿದಾಗ ಆ ಕಂಡಕ್ಟರು ಮುಂದಿನವನಿಗೆ, ಈಯಮ್ಮಂಗೆ ತಲೆಯಿಂದ ರಕ್ತ ಇಳೀತದಂತೆ, ಹುಷಾರು ಅಂದ. ಹೊಳೆನರಸೀಪುರದಲ್ಲಿ ಆತ ಇನ್ನೊಬ್ಬನಿಗೆ, ರಕ್ತ ಕಾರ್ತಾರಂತೆ, ಜೋರಾಗಿ ಓಡಿಸಬೇಡಿ ಅಂದ. ಅರಕಲಗೂಡಿನಲ್ಲಿ ನನಗೆ ಇಡೀ ಸೀಟು ಬಿಟ್ಟುಕೊಟ್ಟರು. ಕೋಳಿ ಬುಟ್ಟಿ ಇಟ್ಟುಕೊಂಡಿದ್ದವನು ಅದನ್ನೆತ್ತಿಕೊಂಡು ಹಿಂದಕ್ಕೆ ಹೋದ. ಒಬ್ಬ ಅಜ್ಜಿ ನನ್ನ ಕೈ ಹಿಡ್ಕೊಂಡು, ಎಷ್ಟು ಚಿಕ್ಕ ವಯಸ್ಸು ಅಂತ ಕಣ್ಣೀರು ಹಾಕಿದರು. ನಾನು ತವರಿಗೆ ಹೋಗೋ ಖುಷಿಗೆ ನಗು ತಡೆಯೋಕಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ. ಅದನ್ನ ನೋಡಿ ಇನ್ನಿಬ್ಬರು ಅತ್ತರು.

ಕೊಣನೂರಿನಲ್ಲಿ ಔಷಧಿ ಪೆಟ್ಟಿಗೆ ಇಳಿಸಿಕೊಳ್ಳೋಕೆ ಬಂದ ಅಪ್ಪ ಬಸ್ಸಿನ ಹತ್ತಿರ ನಿಂತಿದ್ದರು. ಕಂಡಕ್ಟರು ನನ್ನನ್ನ ಇಳಿಸಿ, ಅಪ್ಪನಿಗೆ ಕೈ ಮುಗಿದು ಹೇಳಿದ:

"ಸಾ, ಜೀವ ಇರೋಂಗೇ ತಂದು ಒಪ್ಸಿವ್ನಿ. ಇನ್ನು ನೀವುಂಟು, ಆ ದೇವರುಂಟು."

೩. ಅಳಿಯನ ವಿದ್ಯಾಭ್ಯಾಸ

ತಿಂಗಳು ಕಳೆದು ಯಜಮಾನರು ಕರ್ಕೊಂಡು ಹೋಗೋಕೆ ಬಂದರು. ಅಪ್ಪನಿಗೆ ಒಂದು ಯೋಚನೆ ಬಂತು. ಮಗಳು ಅಷ್ಟು ದೂರ ಇರ್ತಾಳೆ, ಮೂಗು ಸೋರಿದಾಗ ನೀರು ಸುರಿದು ವಾಂತಿ ಮಾಡಿಸಿದರೆ ಗತಿಯೇನು, ಅಳಿಯನಿಗೇ ಕಲಿಸಿಬಿಡೋಣ ಅಂತ. ಸರಿ, ಯಾರ ಮೂಗಿನ ಮೇಲೆ ಕಲಿಸೋದು? ನನ್ನ ಮೂಗನ್ನ ಅಪ್ಪ ಅವ್ವನ ಎದುರಿಗೆ ಮುಟ್ಟೋಕೆ ಯಜಮಾನರಿಗೆ ನಾಚಿಕೆ. ಅಪ್ಪ ತಮ್ಮ ಮೂಗನ್ನೇ ಮುಂದೆ ಮಾಡಿ ಜಗಲಿ ಮೇಲೆ ಕೂತರು.

ಮಾವನ ಮೂಗು ಹಿಡಿಯೋದು ಅಂದರೆ ಸಾಮಾನ್ಯವೇ? ನಮ್ಮ ಯಜಮಾನರು ಮೊದಲು ಅಪ್ಪನ ಕಾಲಿಗೆ ಬಿದ್ದು ನಮಸ್ಕಾರ ಮಾಡಿದರು. ಎಡಗೈ ಅಂತೂ ತೋರಿಸೋ ಹಾಗೇ ಇಲ್ಲ ಅಂತ ಬೆನ್ನ ಹಿಂದೆ ಕಟ್ಟಿಕೊಂಡರು. ಬಲಗೈ ತೊಳೆದು ಬಂದು ಹೂವು ಎತ್ತೋ ಹಾಗೆ ಮೂಗು ಹಿಡಿದರು. ಅಪ್ಪ, ಇನ್ನೂ ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ ಅಂತ ಹೇಳಿ ಹೇಳಿ, ಕೊನೆಗೆ ಅವರು ರಾಗಿ ಮೂಟೆ ಎತ್ತೋ ಕೈಯಲ್ಲಿ ಹಿಡಿದರು ನೋಡಿ, ಅಪ್ಪನ ಕಣ್ಣಲ್ಲಿ ನೀರು ಬಂತು. ಅವ್ವ ಎಲೆ ಮಡಿಚಿ ಅಪ್ಪನ ಬಾಯಿಗಿಟ್ಟಳು. ಎಲೆಅಡಿಕೆ ಮುಗಿಯೋ ತನಕ ಬಿಡಬಾರದು ಅಂತ ಪಾಠ. ಅಳಿಯ ಒಳ್ಳೆ ವಿದ್ಯಾರ್ಥಿ, ಬಿಡಲಿಲ್ಲ.

ಆ ಹೊತ್ತಿಗೆ ಸಂತೆಗೆ ಬಂದಿದ್ದ ನಾಲ್ಕು ಜನ ಕೆಮ್ಮಿನ ಔಷಧಿ ಕೇಳೋಕೆ ಅಂತ ಜಗಲಿ ಹತ್ತಿರ ಬಂದರು. ನೋಡಿದರೆ ಅಳಿಯ ಮಾವನ ಮೂಗು ಹಿಡಿದು ನಿಂತಿದ್ದಾನೆ, ಮಾವನ ಕಣ್ಣಲ್ಲಿ ನೀರು, ಮಾತಿಲ್ಲ. ಬಂದೋರು ಹಾಗೇ ಹಿಂದಕ್ಕೆ ತಿರುಗಿದರು. ಸಂತೆ ಮುಗಿಯೋದರೊಳಗೆ ಸುದ್ದಿ ನಾಲ್ಕು ಹಳ್ಳಿಗೆ ಹೋಗಿತ್ತು. ಮಾರನೇ ದಿನ ಊರಿನ ಹಿರಿಯರೊಬ್ಬರು ಅಳಿಯನನ್ನ ಪಕ್ಕಕ್ಕೆ ಕರೆದು ಬುದ್ಧಿ ಹೇಳಿದರು:

"ಉಂಗುರವೋ ವಾಚೋ, ಏನು ಬೇಕೋ ಬಾಯಲ್ಲಿ ಕೇಳಪ್ಪಾ. ಪಾಪ, ಕಾಂಪೌಂಡರು ಕೊಡ್ತಾರೆ. ಅದಕ್ಕೆ ಮೂಗು ಇಡ್ಕೋಬೇಕಾ?"

೪. ಕೈಕೊಟ್ಟ ಮೂಗು

ಅಪ್ಪ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕ್ಕೊಂಡರು. ನನ್ನ ಕಾಲ ಮೇಲೂ ಹಾಕಿದರು.

ಮುಂದಿನ ಬೇಸಿಗೆ ಮೂಗು ಸೋರಿತು. ನಾನು ಮನಸ್ಸಿನಲ್ಲೇ ಗಂಟು ಕಟ್ಟೋಕೆ ಶುರು ಮಾಡಿದೆ. ಯಜಮಾನರು ಹೊಲದಿಂದ ಓಡಿ ಬಂದರು. ಕೂರಿಸಿದರು, ಬಗ್ಗಿಸಿದರು, ಹಿಡಿದರು. ಹೊತ್ತು ಅಳೆಯೋಕೆ ಅತ್ತೆಯ ಬಾಯಿ ಇತ್ತು. ಅತ್ತೆ ಎಲೆಅಡಿಕೆ ಹಾಕ್ಕೊಂಡರು, ಅದು ಮುಗಿಯಿತು, ರಕ್ತ ನಿಂತಿತು. ಒಂದು ತೊಟ್ಟು ನೀರು ಸುರಿಯೋ ಹಾಗಿಲ್ಲ, ವಾಂತಿ ಇಲ್ಲ, ಬಸ್ಸೂ ಇಲ್ಲ. ಅತ್ತೆಗೆ ಮಗನ ಮೇಲೆ ಹೆಮ್ಮೆಯೋ ಹೆಮ್ಮೆ. ಬಂದೋರಿಗೆಲ್ಲ, ನಮ್ಮ ಹೈದ ಡಾಕ್ಟರಿಕೆ ಕಲ್ತ್ಬುಟ್ಟವ್ನೆ ಅಂತ ಹೇಳಿದರು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಗಂಡ ಒಳ್ಳೆಯವನಾದರೂ ಕಷ್ಟ ಅಂತ ಆವತ್ತು ತಿಳೀತು.

ಅದರ ಮುಂದಿನ ವರ್ಷ ನಾನೇ ಒಂದು ಕೈ ನೋಡೋಣ ಅಂದ್ಕೊಂಡೆ. ಅಪ್ಪ ಕೊಟ್ಟ ಬುದ್ಧಿವಾದ ಎಲ್ಲ ಜ್ಞಾಪಕ ಇತ್ತು. ಮಲಗೋ ಮುಂಚೆ ಮೂಗಿನೊಳಗೆ ಬೆಣ್ಣೆ ಸವರಿಕೋ, ಒಣಗೋಕೆ ಬಿಡಬೇಡ. ಬಿಸಿಲಿಗೆ ತಲೆ ಮೇಲೆ ಸೆರಗು ಹಾಕ್ಕೋ. ಒಲೆ ಮುಂದೆ ಬಹಳ ಹೊತ್ತು ಕೂರಬೇಡ. ನೀರು ಚೆನ್ನಾಗಿ ಕುಡಿ. ಮೂಗಿಗೆ ಬೆರಳು ಹಾಕಬೇಡ, ಜೋರಾಗಿ ಸೀದಬೇಡ. ನಾನು ಒಂದೊಂದಾಗಿ ಎಲ್ಲವನ್ನೂ ತಿರುಗಿಸಿದೆ. ಬೆಣ್ಣೆ ಬಿಟ್ಟೆ. ಮಟಮಟ ಮಧ್ಯಾಹ್ನ ಬರಿ ತಲೇಲಿ ಹುರುಳಿ ಬಡಿದೆ. ಒಲೆ ಬಿಟ್ಟು ಏಳಲಿಲ್ಲ. ಬಾಗಿಲ ಹಿಂದೆ ನಿಂತು ಕಮ್ಮಾರರ ತಿದಿ ಥರ ಮೂಗು ಸೀದಿದೆ.

ಹಾಳಾದ ಮೂಗು, ಒಂದು ಹನಿ ಬರಲಿಲ್ಲ. ಬೇಡ ಅಂದಾಗ ಬೀಗರ ಮುಂದೆ ಮಾನ ಕಳೀತು, ಬೇಕು ಅಂದಾಗ ಕೈಕೊಟ್ಟಿತು. ಅತ್ತೆ ಮಾತ್ರ ಊರಿಗೆಲ್ಲ ಹೇಳಿದರು, ನಮ್ಮ ಮನೆ ನೀರು ಸೊಸೆಗೆ ಒಗ್ಗಿಬಿಡ್ತು, ನೋಡಿ, ಹೊಲದ ಕೆಲಸ ಒಲೆ ಕೆಲಸ ಹೇಗೆ ಮಾಡ್ತಾಳೆ ಅಂತ.

ತವರು ನೋಡಿ ಎರಡು ವರ್ಷ ಆಗ್ತಾ ಬಂದಿತ್ತು. ಅಪ್ಪನ ಕೈ ವಾಸನೆ ಮರೆತುಹೋಗ್ತದೇನೋ ಅಂತ ಹೆದರಿಕೆಯಾಗೋದು. ಟಿಂಚರ್ ಹೇಗಿರ್ತಿತ್ತು, ಸುಣ್ಣ ಹೇಗಿರ್ತಿತ್ತು ಅಂತ ನನ್ನ ಬೆರಳನ್ನೇ ಮೂಸಿ ನೋಡ್ತಿದ್ದೆ. ಬರೀ ಮೆಂತ್ಯದ ವಾಸನೆ. ಒಂದು ದಿನ ಕಾರ್ಡು ಬರೆದೆ. ಕಾರ್ಡನ್ನ ಟಪಾಲಿನವರು, ಎದುರು ಮನೆಯವರು, ಎಲ್ಲರೂ ಓದ್ತಾರೆ, ದುಃಖ ಬರೆಯೋ ಹಾಗಿಲ್ಲ. "ಅಪ್ಪನಿಗೆ ನಮಸ್ಕಾರ. ಎಲ್ಲರೂ ಕ್ಷೇಮ. ಈ ವರ್ಷ ಮೂಗು ಸೋರಿಲ್ಲ. ಬೆಣ್ಣೆ ಹಚ್ಚೋದು ಬಿಟ್ಟು ತಿಂಗಳಾಯ್ತು, ಆದರೂ ಸೋರಿಲ್ಲ" ಅಂತ ಬರೆದೆ.

ಕಾರ್ಡು ಒಯ್ಯೋ ಟಪಾಲಿನವರು ಬಾಗಿಲಲ್ಲೇ ಓದಿ, "ಬಹಳ ಸಂತೋಷ ಕಣಮ್ಮ" ಅಂತ ಹೇಳಿ ಹೋದರು.

೫. ಕೊಣನೂರಿನಿಂದ ಕಾರ್ಡು

ಎಂಟು ದಿನಕ್ಕೆ ಉತ್ತರ ಬಂತು. ಅತ್ತೆಗೆ ಓದು ಬರಲ್ಲ, ನಾನೇ ಗಟ್ಟಿಯಾಗಿ ಓದಿದೆ. ನಾಲ್ಕು ದಿನದಿಂದ ಅಪ್ಪನ ಮೂಗಿನಲ್ಲಿ ರಕ್ತ ಬರ್ತಾ ಇದೆಯಂತೆ. ತಮ್ಮ ಮೂಗು ತಾವೇ ಹಿಡ್ಕೊಂಡರೆ ಕೈ ಸೋಲ್ತದಂತೆ. ಇಲ್ಲಿ ಬೇರೆ ಯಾರಿಗೂ ಹಿಡಿಯೋಕೆ ಬರಲ್ಲ, ಮಗಳಿಗೆ ಅಭ್ಯಾಸ ಇದೆ, ದಯವಿಟ್ಟು ಕಳಿಸಿಕೊಡಬೇಕು ಅಂತ ಬರೆದಿದ್ದರು.

ಅಪ್ಪ ಸುಳ್ಳು ಹೇಳಿದ್ದನ್ನ ನಾನು ಕಂಡಿರಲಿಲ್ಲ. ವಯಸ್ಸಾದವರಿಗೆ ಮೂಗಲ್ಲಿ ರಕ್ತ ಬಂದು ನಿಲ್ಲದಿದ್ದರೆ ಒಳ್ಳೆಯದಲ್ಲ, ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು ಅಂತ ಅವರೇ ಹೇಳ್ತಿದ್ದರು. ನನ್ನ ಮೂಗು ಸೋರಲಿ ಅಂತ ದೇವರನ್ನ ಕೇಳಿದ್ದೆನಲ್ಲ, ದೇವರು ಮನೆ ತಪ್ಪಿ ಅಪ್ಪನಿಗೆ ಕೊಟ್ಟುಬಿಟ್ಟನೇನೋ ಅಂತ ಹೆದರಿಬಿಟ್ಟೆ. ಅತ್ತೆ ಒಂದೂ ಪ್ರಶ್ನೆ ಕೇಳಲಿಲ್ಲ. ಬುಟ್ಟಿಗೆ ಹರಳೆಣ್ಣೆ ಸೀಸೆ, ಈರುಳ್ಳಿ, ಒದ್ದೆ ಬಟ್ಟೇಲಿ ಸುತ್ತಿದ ಗರಿಕೆ ಎಲ್ಲ ತುಂಬಿದರು. "ನಾನೂ ಬತ್ತೀನಿ ನಡಿ" ಅಂದರು.

ದಾರಿಯುದ್ದಕ್ಕೂ ನಾನು ಅಳ್ತಾನೇ ಇದ್ದೆ. ಹೊಳೆನರಸೀಪುರ ದಾಟಿದ ಮೇಲೆ ಅತ್ತೆ ಕಿಟಕಿ ಕಡೆ ನೋಡ್ತಾ ಹೇಳಿದರು: "ನಂಗೂ ಅಪ್ಪ ಇದ್ದ ಕಣವ್ವ. ಮದುವೆಯಾಗಿ ಬಂದ್ಮೇಲೆ ಮತ್ತೆ ನಾನು ನೋಡಿದ್ದು ಅವನ ಎಣಾನೇ. ಯಾರೂ ಒಂದು ಕಾರ್ಡ್ ಆಕ್ಲಿಲ್ಲ." ಕೊಣನೂರಿನ ತನಕ ನಾನು ಅವರ ಕೈ ಹಿಡ್ಕೊಂಡಿದ್ದೆ, ಅವರು ಬಿಡಿಸಿಕೊಳ್ಳಲಿಲ್ಲ.

ಮನೆ ತಿರುವಿಗೆ ಬಂದಾಗ ಅಪ್ಪ ಜಗಲಿ ಮೇಲೆ ಕೂತಿದ್ದು ಕಾಣಿಸಿತು. ಬಾಯಿ ತುಂಬ ಎಲೆಅಡಿಕೆ, ಕಾಲು ಅಲ್ಲಾಡಿಸ್ಕೊಂಡು ರಸ್ತೆ ನೋಡ್ತಾ ಇದ್ದರು. ನನ್ನನ್ನ ಕಂಡು ಮುಖ ಅರಳಿತು. ಹಿಂದೆ ಬುಟ್ಟಿ ಹೊತ್ತ ಅತ್ತೆಯನ್ನ ಕಂಡು ಅರಳಿದ ಮುಖ ಹಾಗೇ ನಿಂತಿತು. ಮಗಳ ಜೊತೆ ಅಳಿಯ ಬರ್ತಾನೆ ಅಂತ ಎಣಿಸಿದ್ದರು. ಹೆಗಲ ಮೇಲಿನ ಬಿಳಿ ವಸ್ತ್ರ ಎಳೆದು ಬಾಯಿಗೆ ಹಿಡಿದರು, ಆಮೇಲೆ ಅದನ್ನೇ ಮೂಗಿಗೆ ಒತ್ತಿಕೊಂಡು, ತಲೆ ಹಿಂದಕ್ಕೆ ಎತ್ತಿ, ಆಕಾಶ ನೋಡ್ತಾ ಕೂತುಬಿಟ್ಟರು.

ಆಗಲೇ ನನಗೆ ಗೊತ್ತಾಯ್ತು. ಜೀವಮಾನವೆಲ್ಲ ತಲೆ ಮುಂದಕ್ಕೆ ಬಗ್ಗಿಸು ಅಂತ ಊರಿಗೇ ಹೇಳಿದ ಮನುಷ್ಯ, ತಲೆ ಹಿಂದಕ್ಕೆ ಎತ್ತಿ ಕೂತಿದ್ದಾರೆ. ನನಗೋಸ್ಕರ ಸುಳ್ಳು ಹೇಳಿದ್ದಾರೆ, ಅದನ್ನೂ ನೆಟ್ಟಗೆ ಹೇಳೋಕೆ ಬಂದಿಲ್ಲ. ಅಳಬೇಕೋ, ನಗಬೇಕೋ, ಜಗಳ ಆಡಬೇಕೋ ತಿಳೀದೆ ನಾನು ರಸ್ತೆಯಲ್ಲೇ ನಿಂತೆ. ಅಷ್ಟರಲ್ಲಿ ಅವ್ವ ಒಳಗಿಂದ ಬಂದಳು. ಅವಳಿಗೆ ಕಾರ್ಡಿನ ವಿಷಯವೇ ಗೊತ್ತಿಲ್ಲ. ಅತ್ತೆ, ಈಗ ಮೂಗು ಹೇಗಿದೆ ಅಂತ ಕೇಳಿದರೆ, "ಯಾರ ಮೂಗು?" ಅಂದಳು.

ಅತ್ತೆ ಬುಟ್ಟಿ ಕೆಳಗಿಟ್ಟರು. ಜಗಲಿ ಹತ್ತಿ ಅಪ್ಪನ ಕೈಯಿಂದ ವಸ್ತ್ರ ಬಿಡಿಸಿಕೊಂಡರು. ಕೆಂಪಗೆ ಅಗಲವಾಗಿ ಕಲೆಯಾಗಿತ್ತು. ತಿರುಗಿಸಿ ನೋಡಿದರು. ಮೂಗಿನ ಹತ್ತಿರ ಹಿಡಿದು ಮೂಸಿದರು. ನಲವತ್ತು ವರ್ಷ ಎಲೆಅಡಿಕೆ ಅಗಿದ ಹೆಂಗಸು. ಇಲ್ಲಿಂದಲೇ ವಾಪಸ್ ಕರ್ಕೊಂಡು ಹೋಗ್ತಾರೆ, ಇನ್ನು ಈ ಜನ್ಮಕ್ಕೆ ತವರಿಲ್ಲ ಅಂದ್ಕೊಂಡೆ.

ಅತ್ತೆ ನನ್ನ ಮುಖ ನೋಡಿದರು. ಅಪ್ಪನ ಮುಖ ನೋಡಿದರು. ವಸ್ತ್ರ ಮಡಿಚಿ ಅಪ್ಪನ ಹೆಗಲ ಮೇಲೆ ಹಾಕಿದರು.

"ಬೀಗ್ರೇ, ನಿಮ್ ರಕ್ತದಲ್ಲಿ ಸುಣ್ಣ ವಸಿ ಜಾಸ್ತಿ ಆಗ್ಬುಟ್ಟೈತೆ. ಇದು ಎಲ್ಡು ದಿನಕ್ಕೆ ನಿಲ್ಲೋದಲ್ಲ. ಅದ್ನೈದು ದಿನ ಮಗ್ಳು ಇಲ್ಲೇ ಇದ್ದು ನೋಡ್ಕಳ್ಲಿ."

ಅಪ್ಪನಿಗೆ ತಲೆ ಎತ್ತೋಕಾಗಲಿಲ್ಲ. ಅತ್ತೆ ಅಷ್ಟಕ್ಕೇ ಬಿಡಲೂ ಇಲ್ಲ. ಹೊತ್ತು ತಂದಿದ್ದನ್ನ ವಾಪಸ್ ಯಾಕೆ ಒಯ್ಯೋದು ಅಂತ, ಆ ಸೀಸೆ ಹರಳೆಣ್ಣೆ ಅಷ್ಟನ್ನೂ ಅಪ್ಪನ ಬೋಳು ನೆತ್ತಿಗೆ ತಟ್ಟಿ, ಕಿವಿ ಮೇಲೆ ಇಳಿಯೋ ಹಾಗೆ ಮಾಡಿ, ಈರುಳ್ಳಿ ಜಜ್ಜಿ ಮೂಸಿಸಿ, ಊಟ ಮಾಡಿ ಸಂಜೆ ಬಸ್ಸಿಗೆ ಹೊರಟರು. ಕಾಂಪೌಂಡರು ತುಟಿ ಪಿಟಕ್ ಅನ್ನದೆ ಎಲ್ಲ ಮಾಡಿಸ್ಕೊಂಡರು. ಆ ಹದಿನೈದು ದಿನ ನಾನು ಅಪ್ಪನ ಪಕ್ಕ ಬಿಟ್ಟು ಏಳಲಿಲ್ಲ. ಕೈಯಲ್ಲಿ ಅದೇ ಟಿಂಚರ್, ಅದೇ ಸುಣ್ಣ. ಏನೂ ಮರೆತಿರಲಿಲ್ಲ.

ಮುಂದಿನ ವರ್ಷ ಯುಗಾದಿ. ಒಬ್ಬಟ್ಟಿನ ಊಟ ಆಗಿತ್ತು. ನಾನು ಪಾತ್ರೆ ಮುಂದೆ ಹಾಕ್ಕೊಂಡು, ಈ ಸಲ ಯಾವ ಮುಖ ಇಟ್ಕೊಂಡು ಕೇಳೋದು ಅಂತ ಯೋಚನೆ ಮಾಡ್ತಾ ತಿಕ್ತಿದ್ದೆ. ಅತ್ತೆ ಜಗಲಿ ತುದೀಲಿ ಕೂತು ಎಲೆಅಡಿಕೆ ಅಗೀತಿದ್ದರು. ಬಗ್ಗಿ ಪಿಚಕ್ ಅಂತ ಬೀದಿಗೆ ಉಗಿದರು. ಬಿಳಿ ಧೂಳಿನ ಮೇಲೆ ಕೆಂಪಗೆ ಬಿತ್ತು. ಅದನ್ನೇ ಒಂದು ಗಳಿಗೆ ನೋಡಿ ನನ್ನನ್ನ ಕೂಗಿದರು.

"ಬಾವ್ವ ಇಲ್ಲಿ, ನೋಡು. ನಿಮ್ಮಪ್ಪನ ಮೂಗು ಸೋರೋಕೆ ಸುರುವಾಯ್ತು. ಪಾತ್ರೆ ಅಲ್ಲೇ ಬುಡು, ಸೀರೆ ಮಡಿಚ್ಕ ಓಗು."